ಮಿಂಚಿನ ಸಿಳ್ಳೆ: ಕಾಂತಗೋಳವನ್ನು ಕಿವಿಯಿಂದ ಅಳೆದ ಕಥೆ



ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ಭೂಮಿಯ ಕಾಂತಗೋಳದ ಬಗ್ಗೆ ಹೇಳುತ್ತಿದ್ದೆ. ಭೂಮಿ ಒಂದು ದೊಡ್ಡ ಆಯಸ್ಕಾಂತದ ಹಾಗೆ ವರ್ತಿಸುತ್ತದೆ, ಅದರ ಬಲರೇಖೆಗಳು ದಕ್ಷಿಣದಿಂದ ಹೊರಟು ಆಕಾಶದಲ್ಲಿ ಕಮಾನು ಹಾಕಿ ಉತ್ತರಕ್ಕೆ ಬಂದು ಇಳಿಯುತ್ತವೆ, ಆ ಕಮಾನುಗಳ ನಡುವೆ ಎಲೆಕ್ಟ್ರಾನುಗಳು ತುಂಬಿಕೊಂಡಿವೆ ಅಂತ ಬೋರ್ಡಿನ ಮೇಲೆ ಚಿತ್ರ ಬಿಡಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಅಲ್ಲಿಗೆ ಯಾರೂ ಹೋಗದೆ ಅಲ್ಲಿ ಎಲೆಕ್ಟ್ರಾನ್ ಇದೆ ಅಂತ ಹೇಗೆ ಗೊತ್ತಾಯ್ತು?"

ಉಪಗ್ರಹ ಕಳಿಸಿ ನೋಡಿದರು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ಸರಿಯಲ್ಲ. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ್ದು 1957ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, ನೆಲದ ಮೇಲೆ ಕುಳಿತೇ ಒಬ್ಬರು ಅಲ್ಲಿನ ಎಲೆಕ್ಟ್ರಾನುಗಳ ಲೆಕ್ಕ ಹೇಳಿದ್ದರು. ಅವರ ಕೈಯಲ್ಲಿದ್ದದ್ದು ಒಂದು ಉದ್ದ ತಂತಿ, ಒಂದು ಆಂಪ್ಲಿಫೈಯರ್, ಮತ್ತು ಪ್ರಕೃತಿಯೇ ಪುಕ್ಕಟೆಯಾಗಿ ಕೊಟ್ಟ ರೇಡಿಯೊ ಸ್ಟೇಷನ್. ಆ ಸ್ಟೇಷನ್ನಿನ ಹೆಸರು ಮಿಂಚು. ಆ ಹುಡುಗಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿವರವಾಗಿ ನಿಮಗೂ ಹೇಳುತ್ತೇನೆ.

ಅಜ್ಜನ ರೇಡಿಯೊದ ಕರಕರ

ನಾನು ಹುಟ್ಟಿ ಬೆಳೆದದ್ದು ಕಾಸರಗೋಡು ಕಡೆಯ ಅಡಿಕೆ ತೋಟದ ಮನೆಯಲ್ಲಿ. ಸಂಜೆ ಅಜ್ಜ ಮಂಗಳೂರು ಆಕಾಶವಾಣಿ ಹಾಕುತ್ತಿದ್ದರು. ಗಡಿಯ ಆಚೆಯಿಂದ ಕನ್ನಡ ಬರುತ್ತಿತ್ತು, ಅದರ ಜೊತೆಗೆ ಕರಕರ ಸದ್ದೂ ಬರುತ್ತಿತ್ತು. ಅಕ್ಟೋಬರ್ ತಿಂಗಳಲ್ಲಂತೂ ಕೇಳುವುದೇ ಬೇಡ. ದೂರದಲ್ಲೆಲ್ಲೋ ಮಿಂಚು ಹೊಳೆದ ಕ್ಷಣವೇ ರೇಡಿಯೊ 'ಕರ್ರ್' ಅನ್ನುತ್ತಿತ್ತು. ಗುಡುಗು ಕೇಳುವುದು ಆಮೇಲೆ. "ರೇಡಿಯೊ ಮೊದಲು ಹೇಳ್ತದೆ, ಆಕಾಶ ಆಮೇಲೆ ಹೇಳ್ತದೆ" ಅನ್ನುತ್ತಿದ್ದರು ಅಜ್ಜ.

ಸೊಲ್ಲಾಪುರ, ಜತ್ತ, ಆದೋನಿ, ತಾಳವಾಡಿ ಕಡೆಯ ಮನೆಗಳಲ್ಲೂ ಹಿರಿಯರಿಗೆ ಈ ಕರಕರ ಗೊತ್ತಿರುತ್ತದೆ, ಕೇಳಿ ನೋಡಿ.

ಕಾರಣ ಇಷ್ಟೇ. ಮಿಂಚು ಅಂದರೆ ಗಾಳಿಯ ಮೂಲಕ ಒಮ್ಮೆಲೇ ಹರಿಯುವ ಭಾರೀ ವಿದ್ಯುತ್ ಪ್ರವಾಹ. ಪ್ರವಾಹ ಹೀಗೆ ಹಠಾತ್ತಾಗಿ ಏರಿ ಇಳಿದಾಗ ವಿದ್ಯುತ್ಕಾಂತೀಯ ಅಲೆಗಳು ಹೊರಡುತ್ತವೆ. ನಮ್ಮ ಕಣ್ಣಿಗೆ ಕಾಣುವ ಬೆಳಕು ಅದರ ಒಂದು ಭಾಗ ಮಾತ್ರ. ಆಕಾಶವಾಣಿ ಕೇಂದ್ರ ಒಂದೇ ಆವೃತ್ತಿಯಲ್ಲಿ ಪ್ರಸಾರ ಮಾಡಿದರೆ, ಮಿಂಚು ನೂರಾರು ಹರ್ಟ್ಸ್‌ನಿಂದ ಹಿಡಿದು ಬಹಳ ಎತ್ತರದ ಆವೃತ್ತಿಗಳವರೆಗೆ ಎಲ್ಲದರಲ್ಲೂ ಒಟ್ಟಿಗೇ ಕೂಗಿಬಿಡುತ್ತದೆ. ಅದರಲ್ಲಿ ಅತಿ ಹೆಚ್ಚು ಶಕ್ತಿ ಇರುವುದು ಕೆಲವು ಸಾವಿರ ಹರ್ಟ್ಸ್‌ನ ಅಲೆಗಳಲ್ಲಿ.

ಇಲ್ಲಿ ಒಂದು ಲೆಕ್ಕ ಮಾಡಿ. 5,000 ಹರ್ಟ್ಸ್ ಅಲೆಯ ತರಂಗದೂರ ಎಷ್ಟು? ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಅದನ್ನು 5,000ದಿಂದ ಭಾಗಿಸಿದರೆ 60 ಕಿ.ಮೀ. ಒಂದೇ ಒಂದು ಅಲೆಯ ಉದ್ದ ಕಾಸರಗೋಡಿನಿಂದ ಮಂಗಳೂರನ್ನೂ ದಾಟಿ ಹೋಗುವಷ್ಟು!

ಇನ್ನೊಂದು ವಿಷಯ ಗಮನಿಸಿ. 5,000 ಹರ್ಟ್ಸ್ ಅನ್ನುವುದು ನಮ್ಮ ಕಿವಿ ಕೇಳಬಲ್ಲ ಆವೃತ್ತಿಯೇ. ಹಾಗಂತ ರೇಡಿಯೊ ಅಲೆ ನೇರವಾಗಿ ಕಿವಿಗೆ ಕೇಳುವುದಿಲ್ಲ, ಯಾಕೆಂದರೆ ಅದು ಗಾಳಿಯ ಕಂಪನ ಅಲ್ಲ. ಆದರೆ ಒಂದು ಉದ್ದ ತಂತಿಯಲ್ಲಿ ಅದು ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ಇಯರ್‌ಫೋನಿಗೆ ಕೊಟ್ಟರೆ ಸಾಕು, ಇಯರ್‌ಫೋನು ಅದನ್ನು ಸದ್ದು ಮಾಡಿ ಕೊಡುತ್ತದೆ. ಇದನ್ನು ಯಾರೂ ಬೇಕೆಂದು ಕಂಡುಹಿಡಿದದ್ದಲ್ಲ, ಆಕಸ್ಮಿಕವಾಗಿ ಸಿಕ್ಕಿದ್ದು.

ಯುದ್ಧಭೂಮಿಯಲ್ಲಿ ಕೇಳಿದ ಸಿಳ್ಳೆ

1894ರ ಮಾರ್ಚ್ ಕೊನೆಯಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿತು. ಆಗ ಟೆಲಿಗ್ರಾಫ್ ತಂತಿಗಳಿಗೆ ಟೆಲಿಫೋನ್ ಜೋಡಿಸಿ ಕಿವಿಗಿಟ್ಟವರಿಗೆ ವಿಚಿತ್ರ ಸದ್ದುಗಳು ಕೇಳಿಸಿದವು ಎಂದು ಅಂಚೆ ಇಲಾಖೆಯ ಇಂಜಿನಿಯರ್ ವಿಲಿಯಂ ಪ್ರೀಸ್ ವರದಿ ಮಾಡಿದರು. ಧ್ರುವಪ್ರಭೆ ಅಂದರೆ ಕಾಂತೀಯ ಬಿರುಗಾಳಿಯ ಹೊತ್ತಿನಲ್ಲಿ ಮೂಡುವ ಬೆಳಕು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಮೊದಲನೇ ಮಹಾಯುದ್ಧ ಬಂತು. ಜರ್ಮನಿಯ ಹೈನ್ರಿಷ್ ಬಾರ್ಕ್‌ಹೌಸನ್ ಎಂಬ ಭೌತವಿಜ್ಞಾನಿಗೆ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳುವ ಕೆಲಸ. ನೆಲದಲ್ಲಿ ದೂರ ದೂರ ಎರಡು ಲೋಹದ ಗೂಟ ಹೊಡೆದು, ಅವುಗಳ ನಡುವಿನ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್‌ನಿಂದ ಹಿಗ್ಗಿಸಿ ಕೇಳುತ್ತಿದ್ದರು. ಕೆಲವು ದಿನ ಶತ್ರುಗಳ ಮಾತಿನ ಬದಲು ಎತ್ತರದ ದನಿಯಲ್ಲಿ ಶುರುವಾಗಿ ಒಂದೆರಡು ಸೆಕೆಂಡಿನಲ್ಲಿ ತಗ್ಗಿಗೆ ಜಾರುವ 'ಪಿಯ್ಯೂಊಊ' ಎಂಬ ಸಿಳ್ಳೆ! ತಲೆಯ ಮೇಲೆ ಗುಂಡು ಹಾರಿಹೋದ ಹಾಗೆ ಕೇಳುತ್ತಿತ್ತಂತೆ. ಉಪಕರಣ ಕೆಟ್ಟಿದೆಯೇ ಅಂತ ನೋಡಿದರು, ಕೆಟ್ಟಿರಲಿಲ್ಲ. 1919ರಲ್ಲಿ ಬಾರ್ಕ್‌ಹೌಸನ್ ಇದನ್ನು ಪ್ರಕಟಿಸಿದರು. ಈ ಸಿಳ್ಳೆಗೆ 'ವಿಸ್ಲರ್' ಎಂದೇ ಹೆಸರು ನಿಂತಿತು.

ಮಿಂಚಿನ ಸದ್ದು 'ಕರ್ರ್' ಅನ್ನುವ ಒಂದೇ ಕ್ಷಣದ ಸದ್ದು. ಅದು ಉದ್ದನೆಯ ಸಿಳ್ಳೆ ಆಗುವುದು ಹೇಗೆ? ಇದು ಮೂವತ್ತು ವರ್ಷಕ್ಕೂ ಮೇಲೆ ಸರಿಯಾಗಿ ಬಿಡಿಸಲಾಗದ ಒಗಟಾಗಿತ್ತು.

ಓಟದ ಸ್ಪರ್ಧೆಯ ಲೆಕ್ಕ

ಶಾಲೆಯ ಕ್ರೀಡಾಕೂಟ ನೆನಪು ಮಾಡಿಕೊಳ್ಳಿ. ಓಡುವವರು ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿರುತ್ತಾರೆ. ಪೀಪಿ ಊದಿದ ಕೂಡಲೇ ಒಟ್ಟಿಗೇ ಹೊರಡುತ್ತಾರೆ. ಐವತ್ತು ಮೀಟರ್ ಓಟವಾದರೆ ಹೆಚ್ಚುಕಡಿಮೆ ಒಟ್ಟಿಗೇ ಮುಗಿಸುತ್ತಾರೆ. ಐದು ಕಿಲೋಮೀಟರ್ ಓಟವಾದರೆ? ಮೊದಲನೆಯವನು ಬಂದು ನೀರು ಕುಡಿದು ಕೂತ ಮೇಲೂ ಕೊನೆಯವನು ಬರುತ್ತಲೇ ಇರುತ್ತಾನೆ. ದಾರಿ ಉದ್ದವಾದಷ್ಟೂ, ದಾರಿಯಲ್ಲಿ ಕೆಸರು ಹೆಚ್ಚಿದಷ್ಟೂ ಅವರ ನಡುವಿನ ಅಂತರ ಹೆಚ್ಚು.

ಮಿಂಚಿನ ಅಲೆಗಳೂ ಹಾಗೆಯೇ. ಎಲ್ಲ ಆವೃತ್ತಿಗಳೂ ಒಂದೇ ಕ್ಷಣ ಹೊರಡುತ್ತವೆ. ಬರಿಯ ನಿರ್ವಾತದಲ್ಲಿ ಎಲ್ಲವೂ ಬೆಳಕಿನ ವೇಗದಲ್ಲೇ ಹೋಗುವುದರಿಂದ ಒಟ್ಟಿಗೇ ತಲುಪಬೇಕು. ಆದರೆ ದಾರಿಯಲ್ಲಿ ಬಿಡಿ ಎಲೆಕ್ಟ್ರಾನುಗಳಿದ್ದರೆ, ಅಂದರೆ ಪ್ಲಾಸ್ಮಾ ಇದ್ದರೆ, ಅಲೆ ಆ ಎಲೆಕ್ಟ್ರಾನುಗಳನ್ನೂ ಅಲುಗಾಡಿಸಿಕೊಂಡು ಹೋಗಬೇಕು. ಹಾಗಾಗಿ ಅದು ನಿಧಾನವಾಗುತ್ತದೆ. ಎಲ್ಲವೂ ಒಂದೇ ಸಮನೆ ನಿಧಾನವಾಗುವುದಿಲ್ಲ. ಈ ಬಗೆಯ ಅಲೆಗಳಲ್ಲಿ ಎತ್ತರದ ಆವೃತ್ತಿ ಬೇಗ ಓಡುತ್ತದೆ, ತಗ್ಗಿನ ಆವೃತ್ತಿ ಹಿಂದೆ ಬೀಳುತ್ತದೆ. ಕೇಳುವವರಿಗೆ ಮೊದಲು ಎತ್ತರದ ದನಿ, ಕೊನೆಗೆ ತಗ್ಗಿನ ದನಿ. ಅದೇ ಸಿಳ್ಳೆ! ಪಟ್ಟಕದಲ್ಲಿ ಬಿಳಿ ಬೆಳಕು ಬಣ್ಣಗಳಾಗಿ ಬಿಡಿಸಿಕೊಳ್ಳುತ್ತದಲ್ಲ, ಇಲ್ಲಿ ಮಿಂಚಿನ ಒಂದು ಸದ್ದು ಕಾಲದಲ್ಲಿ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ಒಂದು ಸರಳ ಸೂತ್ರ ಇದೆ:

ತಲುಪಲು ಬೇಕಾದ ಸಮಯ = ಡಿ ÷ √ಆವೃತ್ತಿ

'ಡಿ' ಅನ್ನುವುದು ಹರಡಿಕೆಯ ಸಂಖ್ಯೆ. ದಾರಿ ಉದ್ದವಿದ್ದರೆ, ದಾರಿಯಲ್ಲಿ ಎಲೆಕ್ಟ್ರಾನ್ ಹೆಚ್ಚಿದ್ದರೆ 'ಡಿ' ದೊಡ್ಡದು. ಒಂದು ಸಿಳ್ಳೆಯ 'ಡಿ' 50 ಅಂತ ಇಟ್ಟುಕೊಳ್ಳಿ. 10,000 ಹರ್ಟ್ಸ್‌ನ ವರ್ಗಮೂಲ 100. ಸಮಯ 50 ÷ 100, ಅಂದರೆ ಅರ್ಧ ಸೆಕೆಂಡ್. 2,500 ಹರ್ಟ್ಸ್‌ನ ವರ್ಗಮೂಲ 50. ಸಮಯ ಒಂದು ಸೆಕೆಂಡ್. ಎತ್ತರದ ದನಿ ಬಂದು ಅರ್ಧ ಸೆಕೆಂಡ್ ಆದ ಮೇಲೆ ತಗ್ಗಿನ ದನಿ ಬರುತ್ತದೆ.

ಈಗ ಇದನ್ನು ತಿರುಗಿಸಿ. ಮಿಂಚು ಎಲ್ಲಿ, ಯಾವಾಗ ಹೊಡೆಯಿತು ಅಂತ ನಮಗೆ ಗೊತ್ತೇ ಇಲ್ಲ ಅಂತಿಟ್ಟುಕೊಳ್ಳಿ. ಆದರೂ ಎರಡು ದನಿಗಳ ನಡುವಿನ ಅಂತರ ಅರ್ಧ ಸೆಕೆಂಡ್ ಅಂತ ಅಳೆದಿದ್ದೇವೆ. 1/50ರಲ್ಲಿ 1/100 ಕಳೆದರೆ 0.01. ಅರ್ಧ ಸೆಕೆಂಡನ್ನು 0.01ರಿಂದ ಭಾಗಿಸಿದರೆ 50. 'ಡಿ' ಸಿಕ್ಕಿತು! ಒಂದು ಸಿಳ್ಳೆ ಎಷ್ಟು ಹೊತ್ತು ಎಳೆಯಿತು ಅನ್ನುವುದರಿಂದಲೇ ಅದು ಬಂದ ದಾರಿಯ ಗುಣ ತಿಳಿಯಿತು. ಓಟಗಾರರು ಬಂದು ಸೇರಿದ ಅಂತರ ನೋಡಿಯೇ ದಾರಿಯಲ್ಲಿ ಎಷ್ಟು ಕೆಸರಿತ್ತು ಅಂತ ಹೇಳಿದ ಹಾಗೆ.

ಸ್ಟೋರಿ ಬಿಡಿಸಿದ ಒಗಟು

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಎಲ್. ಆರ್. ಓ. ಸ್ಟೋರಿ 1950ರ ದಶಕದ ಮೊದಲಲ್ಲಿ ಈ ಸಿಳ್ಳೆಗಳನ್ನು ಒಂದೊಂದಾಗಿ ಅಳೆಯುತ್ತಾ ಕೂತರು. ಅವರಿಗೆ ಎರಡು ಜಾತಿಯ ಸಿಳ್ಳೆ ಸಿಕ್ಕವು. ಒಂದು ಜಾತಿಯದು ಮುನ್ಸೂಚನೆ ಇಲ್ಲದೆ ಬರುತ್ತದೆ, ಚಿಕ್ಕದು. ಇನ್ನೊಂದಕ್ಕೆ ಮೊದಲು 'ಕ್ಲಿಕ್' ಎಂಬ ಮಿಂಚಿನ ಸದ್ದು, ಸ್ವಲ್ಪ ಹೊತ್ತಿಗೆ ಉದ್ದನೆಯ ಸಿಳ್ಳೆ. ಉದ್ದ ಸಿಳ್ಳೆಯ 'ಡಿ' ಚಿಕ್ಕದರ ಸುಮಾರು ಎರಡು ಪಟ್ಟು!

ಎರಡು ಪಟ್ಟು ಯಾಕೆ? ಸ್ವಲ್ಪ ನಿಲ್ಲಿ, ನೀವೇ ಯೋಚಿಸಿ.

ಸ್ಟೋರಿ ಕೊಟ್ಟ ಉತ್ತರ ಇದು. ಮಿಂಚಿನ ಅಲೆ ಅಯಾನುಗೋಳವನ್ನು ದಾಟಿ ಮೇಲೆ ಹೋಗಿ, ಭೂಮಿಯ ಕಾಂತೀಯ ಬಲರೇಖೆಯನ್ನೇ ಹಳಿ ಮಾಡಿಕೊಂಡು, ಸಮಭಾಜಕ ವೃತ್ತದ ಮೇಲೆ ಸಾವಿರಾರು ಕಿ.ಮೀ. ಎತ್ತರಕ್ಕೆ ಏರಿ, ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ದೂರದ ದಕ್ಷಿಣ ಗೋಳಾರ್ಧದಲ್ಲಿ ಹೊಡೆದ ಮಿಂಚಾದರೆ ಅದು ಇಂಗ್ಲೆಂಡಿಗೆ ಬರಲು ಒಂದು ಸಲ ದಾಟಿದರೆ ಸಾಕು. ಅದೇ ಚಿಕ್ಕ ಸಿಳ್ಳೆ. ಇಂಗ್ಲೆಂಡಿನ ಹತ್ತಿರವೇ ಹೊಡೆದ ಮಿಂಚಾದರೆ ಅದರ 'ಕ್ಲಿಕ್' ತಕ್ಷಣ ಕೇಳುತ್ತದೆ. ಅದರ ಅಲೆ ದಕ್ಷಿಣಕ್ಕೆ ಹೋಗಿ, ಅಲ್ಲಿ ಪ್ರತಿಫಲಿಸಿ, ಅದೇ ದಾರಿಯಲ್ಲಿ ಹಿಂದಿರುಗಬೇಕು. ದಾರಿ ಎರಡು ಪಟ್ಟು, 'ಡಿ'ಯೂ ಎರಡು ಪಟ್ಟು. ಎಷ್ಟು ಚೊಕ್ಕ ನೋಡಿ!

ಇದರ ಪರಿಣಾಮ ಇನ್ನೂ ದೊಡ್ಡದು. 30,000 ಕಿ.ಮೀ. ಉದ್ದದ ಕಮಾನನ್ನು ಬೆಳಕು 0.1 ಸೆಕೆಂಡಿನಲ್ಲಿ ದಾಟುತ್ತದೆ. ಸಿಳ್ಳೆಗೆ ಒಂದು ಸೆಕೆಂಡ್ ಬೇಕಾಗುತ್ತಿದೆ ಅಂದರೆ ಅಲ್ಲೇನೋ ಇದೆ ಅಂತಲೇ ಅರ್ಥ. ಲೆಕ್ಕ ಹಾಕಿದರೆ 10,000 ಕಿ.ಮೀ.ಗೂ ಮೇಲೆ ಒಂದೊಂದು ಘನ ಸೆಂಟಿಮೀಟರಿನಲ್ಲಿ ನೂರಾರು ಎಲೆಕ್ಟ್ರಾನುಗಳು ಇರಬೇಕು. ನೂರಾರು ಅನ್ನುವುದು ಬಹಳ ಕಡಿಮೆ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 2.7 ಲಕ್ಷ ಕೋಟಿ ಕೋಟಿ ಅಣುಗಳಿವೆ. ಆದರೆ ಅಯಾನುಗೋಳ ಕೆಲವು ನೂರು ಕಿ.ಮೀ. ಮೇಲೆ ಮುಗಿದೇಹೋಗುತ್ತದೆ ಅಂತ ನಂಬಿದ್ದ ಕಾಲ ಅದು. ಅಷ್ಟು ಮೇಲೆ ಇಷ್ಟು ಎಲೆಕ್ಟ್ರಾನ್ ಇದೆ ಅನ್ನುವುದೇ ಆಗ ದೊಡ್ಡ ಸುದ್ದಿ. ಸ್ಟೋರಿಯ ಈ ಕೆಲಸ 1953ರಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಉತ್ತರದ ಅಲಾಸ್ಕ ಕಡೆಯ ಉನಲಾಸ್ಕ ದ್ವೀಪ ಮತ್ತು ದಕ್ಷಿಣದ ನ್ಯೂಜಿಲೆಂಡಿನಲ್ಲಿ, ಅಂದರೆ ಬಲರೇಖೆಯ ಎರಡು ತುದಿಗಳ ಕಡೆ, ಕಿವಿಗೊಟ್ಟು ಕೂತವರು ಇದನ್ನು ಪರೀಕ್ಷಿಸಿ ನೋಡಿದರು. ಉಪಾಯ ಸರಿಯಿತ್ತು.

ಸಿಳ್ಳೆ ಹಿಡಿದು ಗಡಿ ಕಂಡುಹಿಡಿದರು

ಇನ್ನು ಕಾಂತೀಯ ಬಿರುಗಾಳಿಯ ಕಥೆಗೆ ಬರೋಣ.

ಸೂರ್ಯನಿಂದ ಕೆಲವೊಮ್ಮೆ ಪ್ಲಾಸ್ಮಾದ ದೊಡ್ಡ ಮೋಡವೇ ಸಿಡಿದು ಹೊರಬರುತ್ತದೆ. ಅದು ಭೂಮಿಯ ಕಡೆಗೆ ಬಂದು, ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ನಮ್ಮ ಕಾಂತಗೋಳದ ಬಾಗಿಲು ತೆರೆದ ಹಾಗೆ ಆಗುತ್ತದೆ. ಒಳಗೆ ಶಕ್ತಿ ನುಗ್ಗುತ್ತದೆ. ಭೂಮಿಯ ಸುತ್ತ ಸಾವಿರಾರು ಕಿ.ಮೀ. ಮೇಲೆ ಬಳೆಯಂಥ ವಿದ್ಯುತ್ ಪ್ರವಾಹ ಬಲವಾಗುತ್ತದೆ, ಅದರಿಂದ ನೆಲದ ಮೇಲೆ ಕಾಂತಕ್ಷೇತ್ರ ಸ್ವಲ್ಪ ಇಳಿಯುತ್ತದೆ. ಇದೇ ಕಾಂತೀಯ ಬಿರುಗಾಳಿ. 1859ರ ಸೆಪ್ಟೆಂಬರಿನಲ್ಲಿ ಬಂದ ಭಾರೀ ಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯ ಅಳೆದು ಬರೆದಿಟ್ಟಿತ್ತು. ಸುಮಾರು 1,600 ನ್ಯಾನೊಟೆಸ್ಲಾ ಇಳಿತ. ಇಂದಿಗೂ ಜಗತ್ತಿನ ವಿಜ್ಞಾನಿಗಳು ಆ ಬಿರುಗಾಳಿಯನ್ನು ಅಳೆಯಲು ಆ ಮುಂಬಯಿ ದಾಖಲೆಯನ್ನು ಹುಡುಕಿಕೊಂಡು ಬರುತ್ತಾರೆ.

ಇಂಥ ಬಿರುಗಾಳಿಯ ದಿನಗಳಲ್ಲಿ ಸಿಳ್ಳೆಗಳಿಗೆ ಏನಾಗುತ್ತದೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹೆಲಿವೆಲ್ ಅವರ ಗುಂಪು ಹಲವು ಕಡೆ ಉಪಕರಣ ಇಟ್ಟು ಸಿಳ್ಳೆಗಳನ್ನು ಟೇಪಿನಲ್ಲಿ ಹಿಡಿಯುತ್ತಿತ್ತು. ಕೆಲವು ಸಿಳ್ಳೆಗಳು ಮಧ್ಯದ ಒಂದು ಆವೃತ್ತಿಯಲ್ಲಿ ಶುರುವಾಗಿ, ಅಲ್ಲಿಂದ ಒಂದು ಎಳೆ ಮೇಲಕ್ಕೂ ಒಂದು ಎಳೆ ಕೆಳಕ್ಕೂ ಹೋಗುವುದನ್ನು ಅವರು ಕಂಡರು. ಕಾಗದದ ಮೇಲೆ ಅದು ಮೂಗಿನ ಹಾಗೆ ಕಾಣುತ್ತದೆ, ಅದಕ್ಕೆ 'ಮೂಗಿನ ಸಿಳ್ಳೆ' ಅಂತಲೇ ಹೆಸರು.

ಆ ಮೂಗಿನ ತುದಿಯ ಆವೃತ್ತಿ ಬಹಳ ಬೆಲೆಬಾಳುವ ಸಂಖ್ಯೆ. ಯಾಕೆ ಅಂದರೆ ಎಲೆಕ್ಟ್ರಾನುಗಳು ಬಲರೇಖೆಯ ಸುತ್ತ ಗಿರಗಿರ ಸುತ್ತುತ್ತವೆ. ಎಷ್ಟು ಬೇಗ ಸುತ್ತುತ್ತವೆ ಅನ್ನುವುದು ಅಲ್ಲಿನ ಕಾಂತಕ್ಷೇತ್ರವನ್ನು ಅವಲಂಬಿಸಿದೆ. ಸಮಭಾಜಕದ ಬಳಿ ನೆಲಮಟ್ಟದಲ್ಲಿ ಈ ಆವೃತ್ತಿ ಸುಮಾರು 870 ಕಿಲೋಹರ್ಟ್ಸ್. ಭೂಮಿಯ ಕೇಂದ್ರದಿಂದ ದೂರ ಹೋದಂತೆ ದೂರದ ಘನಕ್ಕೆ ತಕ್ಕ ಹಾಗೆ ಇಳಿಯುತ್ತದೆ. ನಾಲ್ಕು ಭೂತ್ರಿಜ್ಯ ದೂರದಲ್ಲಿ 4 × 4 × 4 = 64; 870 ÷ 64, ಸುಮಾರು 13.6 ಕಿಲೋಹರ್ಟ್ಸ್. ಮೂಗಿನ ತುದಿ ಇದರ ಸುಮಾರು ಶೇಕಡಾ 40ರ ಹತ್ತಿರ ಇರುತ್ತದೆ, ಅಂದರೆ 5 ಕಿಲೋಹರ್ಟ್ಸ್ ಆಸುಪಾಸು. ಹಾಗಾಗಿ ಮೂಗಿನ ತುದಿ ಸಿಳ್ಳೆ ಯಾವ ಬಲರೇಖೆ ಹಿಡಿದು ಬಂತು ಅಂತ ಹೇಳುತ್ತದೆ, ಹೊತ್ತು ಅಲ್ಲಿ ಎಷ್ಟು ಎಲೆಕ್ಟ್ರಾನ್ ಇತ್ತು ಅಂತ ಹೇಳುತ್ತದೆ. ಎಲ್ಲಿ, ಎಷ್ಟು: ಎರಡೂ ಒಂದೇ ಸಿಳ್ಳೆಯಲ್ಲಿ!

ಈ ಗುಂಪಿನ ಡೊನಾಲ್ಡ್ ಕಾರ್ಪೆಂಟರ್ ಒಂದೊಂದು ಬಲರೇಖೆಗೆ ಎಷ್ಟು ಎಲೆಕ್ಟ್ರಾನ್ ಅಂತ ನಕ್ಷೆ ಹಾಕುತ್ತಾ ಹೋದರು. ದೂರ ಹೋದಂತೆ ಎಲೆಕ್ಟ್ರಾನ್ ನಿಧಾನವಾಗಿ ಕಡಿಮೆಯಾಗಬೇಕು ಅಲ್ವಾ? ಆದರೆ ಹಾಗಾಗಲಿಲ್ಲ. ಒಂದು ಜಾಗದಲ್ಲಿ ನಕ್ಷೆ ಮೊಣಕಾಲಿನ ಹಾಗೆ ಮಡಿಸಿ ಕೆಳಗೆ ಬಿತ್ತು. ಒಳಗೆ ಘನ ಸೆಂಟಿಮೀಟರಿಗೆ ನೂರಾರು, ಹೊರಗೆ ಬರೀ ಕೆಲವೇ ಕೆಲವು. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದೇ ಕಾಲಕ್ಕೆ ಸೋವಿಯತ್ ವಿಜ್ಞಾನಿ ಕಾನ್‌ಸ್ಟಂಟಿನ್ ಗ್ರಿಂಗೌಜ್ ಲೂನಾ ನೌಕೆಗಳ ಅಳತೆಯಿಂದ ಇಂಥದ್ದೇ ಇಳಿತ ಕಂಡಿದ್ದರು. ಆ ಗಡಿಗೆ ಪ್ಲಾಸ್ಮಾಪಾಸ್ ಎಂದು ಹೆಸರು. ಗಡಿಯ ಒಳಗಿನ ತುಂಬಿದ ಭಾಗ ಪ್ಲಾಸ್ಮಾಗೋಳ.

ನಾವು ಗಡಿನಾಡಿನವರು. ನಮಗೆ ಗೊತ್ತಿರುವ ಗಡಿ ನಕ್ಷೆಯ ಮೇಲೆ ಒಮ್ಮೆ ಎಳೆದರೆ ನಿಂತುಬಿಡುತ್ತದೆ. ಈ ಗಡಿ ಹಾಗಲ್ಲ, ಸರಿದಾಡುತ್ತದೆ. ಶಾಂತ ದಿನಗಳಲ್ಲಿ ಭೂಕೇಂದ್ರದಿಂದ ನಾಲ್ಕರಿಂದ ಆರು ಭೂತ್ರಿಜ್ಯ ದೂರದಲ್ಲಿರುತ್ತದೆ. ಬಿರುಗಾಳಿ ಬಂದಾಗ ಹೊರಗಿನ ಪ್ಲಾಸ್ಮಾ ಕೊಚ್ಚಿಹೋಗಿ ಗಡಿ ಎರಡು ಮೂರು ಭೂತ್ರಿಜ್ಯಕ್ಕೆ ಒಳಸರಿಯುತ್ತದೆ. ಮಳೆಗಾಲದ ನೆರೆ ತೋಟದ ಮೇಲ್ಮಣ್ಣನ್ನು ಒಂದೇ ರಾತ್ರಿಯಲ್ಲಿ ಎತ್ತಿಕೊಂಡು ಹೋಗುತ್ತದಲ್ಲ, ಹಾಗೆ. ಮತ್ತೆ ತುಂಬುವುದು ಕೆಳಗಿನ ಅಯಾನುಗೋಳದಿಂದ, ನಿಧಾನವಾಗಿ, ಹಲವು ದಿನ ಹಿಡಿದು.

2024ರ ಮೇ 10ರಂದು ಎರಡು ದಶಕಗಳಲ್ಲೇ ದೊಡ್ಡದಾದ ಕಾಂತೀಯ ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಆ ರಾತ್ರಿ ಆಕಾಶ ಕೆಂಪಾಗಿ ಕಂಡಿತು. ಆ ಹೊತ್ತಿಗೆ ಜಪಾನಿನ ಅರಾಸೆ ಉಪಗ್ರಹ ಕಾಂತಗೋಳದೊಳಗೇ ಸುತ್ತುತ್ತಿತ್ತು. ಅದರ ಅಳತೆಯ ಪ್ರಕಾರ ಪ್ಲಾಸ್ಮಾಗೋಳದ ಹೊರಗಡಿ ನೆಲದಿಂದ ಸುಮಾರು 44,000 ಕಿ.ಮೀ. ಎತ್ತರದಿಂದ ಕೆಲವೇ ಗಂಟೆಗಳಲ್ಲಿ ಸುಮಾರು 9,600 ಕಿ.ಮೀ.ಗೆ ಕುಗ್ಗಿತು. ಮತ್ತೆ ತುಂಬಿಕೊಳ್ಳಲು ನಾಲ್ಕು ದಿನಕ್ಕಿಂತ ಹೆಚ್ಚು ಬೇಕಾಯಿತು.

ಅರಾಸೆ ಅಳೆದದ್ದು ಹೇಗೆ? ಅದೂ ಸಹಜ ರೇಡಿಯೊ ಅಲೆಗಳಿಂದಲೇ! ಎಲೆಕ್ಟ್ರಾನುಗಳ ಗುಂಪಿಗೆ ತನ್ನದೇ ಆದ ಒಂದು ಸಹಜ ಆವೃತ್ತಿ ಇದೆ. ತಂಬೂರಿಯ ತಂತಿಗೆ ಇರುವ ಹಾಗೆ. ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಆ ಆವೃತ್ತಿ ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. 400 ಎಲೆಕ್ಟ್ರಾನ್ ಇದ್ದರೆ 20 × 9 = 180 ಕಿಲೋಹರ್ಟ್ಸ್. ಬರೀ 4 ಇದ್ದರೆ 2 × 9 = 18 ಕಿಲೋಹರ್ಟ್ಸ್. ಇದಕ್ಕೆ ಹೊಂದಿಕೊಂಡ ಅಲೆಗಳು ಆ ಪ್ಲಾಸ್ಮಾದಲ್ಲಿ ತಾವಾಗಿಯೇ ಇರುತ್ತವೆ. ಉಪಗ್ರಹ ಕಿವಿಗೊಟ್ಟು ಆವೃತ್ತಿ ಗುರುತಿಸಿದರೆ ಸಾಕು, ಎಲೆಕ್ಟ್ರಾನುಗಳನ್ನು ಎಣಿಸಿದ ಹಾಗೆಯೇ.

ಬೆಳಗಿನ ಹಕ್ಕಿಗಳು ಮತ್ತು ಕೊಲೆಗಾರ ಎಲೆಕ್ಟ್ರಾನುಗಳು

ಈ ಗಡಿ ಎಲ್ಲಿದ್ದರೆ ನಮಗೇನು ಅಂತ ನೀವು ಕೇಳಬಹುದು. ಕೇಳಲೇಬೇಕು.

ಬಿರುಗಾಳಿಯ ಹೊತ್ತಿಗೆ ಪ್ಲಾಸ್ಮಾಪಾಸ್‌ನ ಹೊರಗೆ, ಮುಖ್ಯವಾಗಿ ಭೂಮಿಯ ಬೆಳಗಿನ ಮಗ್ಗುಲಲ್ಲಿ, ಇನ್ನೊಂದು ಬಗೆಯ ಸಹಜ ರೇಡಿಯೊ ಅಲೆ ಹುಟ್ಟುತ್ತದೆ. ಅದನ್ನು ಇಯರ್‌ಫೋನಿನಲ್ಲಿ ಕೇಳಿದರೆ ಮುಂಜಾನೆ ತೋಟದಲ್ಲಿ ನೂರಾರು ಹಕ್ಕಿಗಳು ಒಟ್ಟಿಗೇ ಚಿಲಿಪಿಲಿ ಅಂದ ಹಾಗೆ ಇರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಕೋರಸ್' ಎನ್ನುತ್ತಾರೆ. ಇದು ಮಿಂಚಿನಿಂದ ಹುಟ್ಟಿದ್ದಲ್ಲ. ಭೂಮಿಯ ರಾತ್ರಿಯ ಕಡೆಯಿಂದ ಒಳನುಗ್ಗಿದ ಎಲೆಕ್ಟ್ರಾನುಗಳು ತಮ್ಮ ಶಕ್ತಿಯಲ್ಲಿ ಸ್ವಲ್ಪವನ್ನು ಅಲೆಗೆ ಕೊಡುವುದರಿಂದ ಹುಟ್ಟುತ್ತದೆ.

ಕೇಳಲು ಇಂಪು, ಕೆಲಸ ಮಾತ್ರ ಅಪಾಯದ್ದು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಮೇಲೆ ಮೇಲೆ ಹೋಗುತ್ತದಲ್ಲ, ಹಾಗೆ ಕೋರಸ್ ಅಲೆಗಳು ಕೆಲವು ಎಲೆಕ್ಟ್ರಾನುಗಳನ್ನು ಅವು ಸುತ್ತುವ ತಾಳಕ್ಕೆ ಸರಿಯಾಗಿ ತಳ್ಳುತ್ತಾ ಬೆಳಕಿನ ವೇಗದ ಹತ್ತಿರಕ್ಕೆ ಒಯ್ಯುತ್ತವೆ. 2012ರ ಆಗಸ್ಟಿನಲ್ಲಿ ನಾಸಾ ಹಾರಿಸಿದ ವ್ಯಾನ್ ಅಲೆನ್ ಜೋಡಿ ನೌಕೆಗಳು ಇದನ್ನು ಆ ಜಾಗದಲ್ಲೇ ಅಳೆದು ತೋರಿಸಿದವು. ಇಷ್ಟು ವೇಗದ ಎಲೆಕ್ಟ್ರಾನುಗಳಿಗೆ ವಿಜ್ಞಾನಿಗಳು 'ಕೊಲೆಗಾರ ಎಲೆಕ್ಟ್ರಾನ್' ಅಂತ ಅಡ್ಡಹೆಸರು ಇಟ್ಟಿದ್ದಾರೆ. ಅವು ಉಪಗ್ರಹದ ಲೋಹದ ಹೊದಿಕೆಯನ್ನೂ ತೂರಿ, ಒಳಗಿನ ಪ್ಲಾಸ್ಟಿಕ್ ಮುಂತಾದ ಅವಾಹಕಗಳಲ್ಲಿ ಸಿಕ್ಕಿಬೀಳುತ್ತವೆ. ವಿದ್ಯುದಂಶ ಕೂಡುತ್ತಾ ಹೋಗಿ ಒಂದು ಕ್ಷಣ ಕಿಡಿ ಹಾರುತ್ತದೆ. ಉಪಗ್ರಹದ ಹೊಟ್ಟೆಯೊಳಗೇ ಪುಟ್ಟ ಮಿಂಚು!

1994ರ ಜನವರಿಯಲ್ಲಿ ಕೆನಡಾದ ಅನಿಕ್ ಇ1, ಅನಿಕ್ ಇ2 ಎಂಬ ಎರಡು ಸಂಪರ್ಕ ಉಪಗ್ರಹಗಳು ಹೀಗೇ ಹತೋಟಿ ತಪ್ಪಿದವು. ಒಂದು ಕೆಲವು ಗಂಟೆಗಳಲ್ಲಿ ಸರಿಯಾಯಿತು. ಇನ್ನೊಂದನ್ನು ಸರಿಮಾಡಲು ಸುಮಾರು ಐದು ತಿಂಗಳು ಹಿಡಿಯಿತು. ನಮ್ಮ ಇನ್ಸಾಟ್ ಉಪಗ್ರಹಗಳು ಇರುವುದೂ 36,000 ಕಿ.ಮೀ. ಎತ್ತರದಲ್ಲಿ, ಇದೇ ಎಲೆಕ್ಟ್ರಾನುಗಳು ಸುಳಿದಾಡುವ ವಲಯದಲ್ಲಿ. ನಮ್ಮ ಕರಾವಳಿಯ ದೋಣಿಗಳಿಗೆ ಚಂಡಮಾರುತದ ಮುನ್ಸೂಚನೆ ಕೊಡಲು ಬೇಕಾದ ಮೋಡದ ಚಿತ್ರಗಳು ಬರುವುದು ಅಲ್ಲಿಂದಲೇ. ಹಾಗಾಗಿ ಪ್ಲಾಸ್ಮಾಪಾಸ್ ಎಲ್ಲಿದೆ, ಕೋರಸ್ ಎಷ್ಟು ಜೋರಾಗಿದೆ ಅನ್ನುವುದು ಬರೀ ಪುಸ್ತಕದ ವಿಷಯ ಅಲ್ಲ.

ಪ್ರಕೃತಿ ಕೆಡಿಸುವುದಷ್ಟೇ ಅಲ್ಲ, ಗುಡಿಸುವುದನ್ನೂ ಮಾಡುತ್ತದೆ. ಪ್ಲಾಸ್ಮಾಗೋಳದ ಒಳಗೆ 'ಹಿಸ್' ಎಂಬ ಇನ್ನೊಂದು ಅಲೆ ಇದೆ. ಪ್ರೆಶರ್ ಕುಕ್ಕರಿನ ಆವಿಯ ಹಾಗೆ 'ಸ್ಸ್ಸ್' ಅನ್ನುತ್ತದೆ. ಅದು ವೇಗದ ಎಲೆಕ್ಟ್ರಾನುಗಳನ್ನು ದಾರಿ ತಪ್ಪಿಸಿ ಕೆಳಗಿನ ವಾಯುಮಂಡಲಕ್ಕೆ ಬೀಳಿಸುತ್ತದೆ. ಮಿಂಚಿನ ಸಿಳ್ಳೆಗಳೂ ಈ ಕೆಲಸಕ್ಕೆ ಸ್ವಲ್ಪ ಕೈಜೋಡಿಸುತ್ತವೆ. ಗಡಿಯ ಹೊರಗೆ ವೇಗ ಕೊಡುವವರು, ಒಳಗೆ ಗುಡಿಸುವವರು. ಗಡಿ ಸರಿದರೆ ಇಬ್ಬರ ಜಾಗವೂ ಸರಿಯುತ್ತದೆ. ಇಂದಿಗೂ ಹಂಗೇರಿಯ ವಿಜ್ಞಾನಿಗಳು ಶುರುಮಾಡಿದ ಒಂದು ಜಾಲ ಹಲವು ದೇಶಗಳಲ್ಲಿ ಸಿಳ್ಳೆಗಳನ್ನು ಕಂಪ್ಯೂಟರಿನಿಂದ ತಾನಾಗಿಯೇ ಹಿಡಿದು ಎಲೆಕ್ಟ್ರಾನ್ ಲೆಕ್ಕ ಹಾಕುತ್ತಿರುವುದು ಇದಕ್ಕಾಗಿಯೇ.

ನಮ್ಮೂರಲ್ಲಿ ಸಿಳ್ಳೆ ಕೇಳುತ್ತದಾ?

ಭಾರತದಲ್ಲಿ ಗುಲ್ಮಾರ್ಗ್, ನೈನಿತಾಲ್, ವಾರಾಣಸಿಗಳಲ್ಲಿ ಸಿಳ್ಳೆಗಳನ್ನು ಹಿಡಿದಿದ್ದಾರೆ, ಅದರಲ್ಲೂ ಕಾಂತೀಯ ಬಿರುಗಾಳಿಯ ದಿನಗಳಲ್ಲಿ. ಅಲ್ಲಿ ಬಲರೇಖೆಯ ಕಮಾನು ಚಿಕ್ಕದು, ಹಾಗಾಗಿ 'ಡಿ'ಯೂ ಚಿಕ್ಕದು, ಸಿಳ್ಳೆ ಬಲು ಬೇಗ ಮುಗಿದುಹೋಗುತ್ತದೆ.

ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ನಮ್ಮ ಶಾಲೆಗಳಿರುವ ಕಡೆ ಸಿಳ್ಳೆ ನಿರೀಕ್ಷಿಸಬೇಡಿ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದೇ ಕಾರಣಕ್ಕೆ. ಇಲ್ಲಿ ಬಲರೇಖೆಗಳು ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತವೆ, ಸಾವಿರಾರು ಕಿ.ಮೀ. ಮೇಲೇರುವುದಿಲ್ಲ. ಹಳಿಯೇ ಇಲ್ಲದ ಕಡೆ ರೈಲು ಎಲ್ಲಿಂದ ಬರಬೇಕು?

ಆದರೆ ಬೇಜಾರು ಬೇಡ. ಬಿರುಗಾಳಿಯನ್ನು ಅಳೆಯಲು ಬೇರೆ ದಾರಿಗಳೂ ಇವೆ. ನೀಲಗಿರಿಯ ಗೆಳೆಯರೇ, ನಿಮ್ಮ ಊಟಿಯಲ್ಲೇ ಗ್ರೇಪ್ಸ್-3 ಎಂಬ ಪ್ರಯೋಗ ಇದೆ. ಅದು ರೇಡಿಯೊ ಅಲ್ಲ; ವಿಶ್ವಕಿರಣಗಳಿಂದ ಹುಟ್ಟುವ ಮ್ಯೂವಾನ್ ಕಣಗಳನ್ನು 560 ಚದರ ಮೀಟರ್ ಹರವಿನ ದೂರದರ್ಶಕದಿಂದ ಎಣಿಸುತ್ತದೆ. 2015ರ ಜೂನ್ 22ರ ಕಾಂತೀಯ ಬಿರುಗಾಳಿಯಲ್ಲಿ ಸುಮಾರು ಎರಡು ಗಂಟೆ ಅಲ್ಲಿ ಮ್ಯೂವಾನ್ ಎಣಿಕೆ ಏರಿತು. ಭೂಮಿಯ ಕಾಂತೀಯ ಗುರಾಣಿ ಸ್ವಲ್ಪ ಹೊತ್ತು ದುರ್ಬಲವಾಗಿದ್ದರ ಗುರುತು ಅದು ಎಂದು ಅಲ್ಲಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು.

ಮಾಡಿ ನೋಡಿ

1. ಬ್ಯಾಟರಿಯ ಮೇಲೆ ನಡೆಯುವ ಚಿಕ್ಕ ಮೀಡಿಯಂ ವೇವ್ ರೇಡಿಯೊ ತೆಗೆದುಕೊಳ್ಳಿ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ರಾತ್ರಿ ಮನೆಯೊಳಗೇ ಕೂತು ಹತ್ತು ನಿಮಿಷದಲ್ಲಿ ಎಷ್ಟು 'ಕರ್ರ್' ಬಂತು ಅಂತ ಎಣಿಸಿ. ನಿಮ್ಮ ಊರಲ್ಲಿ ಆಕಾಶ ಶುಭ್ರವಾಗಿದ್ದರೂ ಸದ್ದು ಬರುತ್ತದೆ. ಅದು ದೂರದ ಮಿಂಚು. ಹೀಗೆ ಒಂದು ವಾರ ಬರೆದಿಡಿ. ಎಚ್ಚರ: ನಿಮ್ಮ ಊರಿನಲ್ಲೇ ಗುಡುಗು ಮಿಂಚು ಇರುವಾಗ ಅಂಗಳಕ್ಕೆ ಹೋಗುವುದು, ಹೊರಗೆ ತಂತಿ ಎಳೆಯುವುದು, ಛಾವಣಿ ಹತ್ತುವುದು ಖಂಡಿತ ಬೇಡ.

2. ರಾತ್ರಿ ಹೊತ್ತು ದೂರದ ಮಿಂಚಿನ ಅಲೆ ನೆಲ ಮತ್ತು ಅಯಾನುಗೋಳದ ನಡುವೆ ಪುಟಿಯುತ್ತಾ ಬಂದಾಗ ಒಂದು ತಗ್ಗಿನ ಆವೃತ್ತಿಗಿಂತ ಕೆಳಗಿನ ಅಲೆಗಳು ಆ ರೀತಿ ಬರಲಾರವು. ಆ ಆವೃತ್ತಿ ಸುಮಾರು 1,700 ಹರ್ಟ್ಸ್. ಎತ್ತರ = ಬೆಳಕಿನ ವೇಗ ÷ (2 × ಆವೃತ್ತಿ) ಎಂಬ ಸೂತ್ರ ಬಳಸಿ ರಾತ್ರಿಯ ಅಯಾನುಗೋಳದ ಕೆಳ ಅಂಚು ಎಷ್ಟು ಕಿ.ಮೀ. ಮೇಲಿದೆ ಅಂತ ಕಂಡುಹಿಡಿಯಿರಿ.

3. ಒಂದು ಸಿಳ್ಳೆಯಲ್ಲಿ 6,400 ಹರ್ಟ್ಸ್ ದನಿ ಬಂದು 0.75 ಸೆಕೆಂಡ್ ಆದ ಮೇಲೆ 1,600 ಹರ್ಟ್ಸ್ ದನಿ ಬಂತು. 'ಡಿ' ಎಷ್ಟು? ತಗ್ಗಿನ ದನಿ ಕೇಳುವ ಎಷ್ಟು ಸೆಕೆಂಡ್ ಮೊದಲು ಮಿಂಚು ಹೊಡೆದಿರಬೇಕು? ಲೆಕ್ಕ ಮಾಡಿ ನಿಮ್ಮ ವಿಜ್ಞಾನದ ಶಿಕ್ಷಕರಿಗೆ ತೋರಿಸಿ.

ಮೂರನೆಯ ಲೆಕ್ಕವನ್ನು ನನ್ನ ತರಗತಿಯಲ್ಲಿ ಮೊದಲು ಮಾಡಿ ಮುಗಿಸಿದ್ದು ಪ್ರಶ್ನೆ ಕೇಳಿದ ಆ ಹುಡುಗಿಯೇ. ಮುಗಿಸಿ ಹೇಳಿದಳು: "ಸರ್, ಹಾಗಾದ್ರೆ ಅಲ್ಲಿಗೆ ಯಾರೂ ಹೋಗ್ಬೇಕಂತಿಲ್ಲ. ಅಲ್ಲಿಂದ ಬಂದದ್ದನ್ನ ಸರಿಯಾಗಿ ಕೇಳಿಸ್ಕೊಂಡ್ರೆ ಸಾಕು." ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.